ಹತ್ತನೆಯ ನಿಮಿಷದ ಬೆಳಕು

ಒಳ್ಳೆಯ ಟಾರ್ಚು ಕೈಗೆ ಸಿಕ್ಕಿದರೆ ಎಲ್ಲರೂ ಮೊದಲು ಗುಂಡಿ ಒತ್ತಿ ಎದುರಿನ ಗೋಡೆ ನೋಡುತ್ತಾರೆ. ನಾನು ಬಾಲದ ಮುಚ್ಚಳ ತಿರುಗಿಸುತ್ತೇನೆ. ತೆಳುವಾಗಿ ಸವರಿದ ಸಿಲಿಕೋನ್ ಗ್ರೀಸಿನ ಮೇಲೆ ಥ್ರೆಡ್ಡು ಕರಕರ ಎನ್ನದೆ ಜಾರಿ, ಕೊನೆಯ ಕಾಲು ಸುತ್ತಿನಲ್ಲಿ ಮೆತ್ತಗೆ ಬಿಗಿಯಾಗಿ ನಿಂತರೆ ಅರ್ಧ ಮನಸ್ಸು ಅಲ್ಲೇ ಒಪ್ಪಿಬಿಡುತ್ತದೆ. ಆ ಥ್ರೆಡ್ಡು ಬರೀ ಮುಚ್ಚಳ ಹಿಡಿದಿಡುವುದಕ್ಕಲ್ಲ. ಬಾಲದ ಕಡೆಯ ಥ್ರೆಡ್ಡಿನ ಮೂಲಕ ವಿದ್ಯುತ್ತು ಮೈಗೆ ಹರಿಯುತ್ತದೆ. ತಲೆಯ ಕಡೆಯ ಥ್ರೆಡ್ಡಿನ ಮೂಲಕ ಕಾವು ಮೈಗೆ ಇಳಿಯುತ್ತದೆ. ಟಾರ್ಚಿನಲ್ಲಿ ಬರೀ ಚೆಂದಕ್ಕೆಂದು ಇರುವ ಭಾಗ ಬಹಳ ಕಡಿಮೆ. ಕಣ್ಣಿಗೆ ಸೊಗಸಾಗಿ ಕಾಣುವುದೆಲ್ಲ ಅಲ್ಲಿ ಏನಾದರೊಂದು ಕೆಲಸ ಮಾಡುತ್ತಿರುತ್ತದೆ.

ಬಿಡಿ ಭಾಗಗಳನ್ನು ತರಿಸಿ ಎಲ್‌ಇಡಿ ಟಾರ್ಚನ್ನು ತಾವೇ ಕಟ್ಟಿಕೊಳ್ಳುವ ಹವ್ಯಾಸದವರು ಈಗ ಹಲವು ದೇಶಗಳಲ್ಲಿದ್ದಾರೆ. ಖಾಲಿ ಮೈಗೆ ಅವರು ಹೋಸ್ಟ್ ಎನ್ನುತ್ತಾರೆ. ಚೀನಾದ ಕಾನ್ವಾಯ್ ಕಂಪನಿಯ ಎಸ್2+ ಎಂಬ ಹೋಸ್ಟಿನಿಂದ ಕೈ ಪಳಗಿಸಿಕೊಂಡವರು ಈ ಬಳಗದಲ್ಲಿ ಬಹಳ. ಸುಮಾರು 12 ಸೆಂ.ಮೀ. ಉದ್ದ, 24 ಮಿ.ಮೀ. ದಪ್ಪದ ಅಲ್ಯೂಮಿನಿಯಂ ಕೊಳವೆ. ಒಳಗೆ ಒಂದೇ 18650 ಲಿಥಿಯಂ ಸೆಲ್. ತಲೆಯೊಳಗೆ ತಿರುಪಿ ಕೂರಿಸುವ, ಪಿಲ್ ಎಂದು ಕರೆಯುವ ಹಿತ್ತಾಳೆಯ ತುಂಡು. ಪಿಲ್‌ನ ಮೇಲೆ ಎಲ್‌ಇಡಿ, ಕೆಳಗೆ ಅದಕ್ಕೆ ವಿದ್ಯುತ್ತನ್ನು ಹದಮಾಡಿ ಕೊಡುವ ಡ್ರೈವರ್. ಸೋಲ್ಡರಿಂಗ್ ಐರನ್, ಫ್ಲಕ್ಸ್, ಸಿಲಿಕೋನ್ ವೈರು, ಮಲ್ಟಿಮೀಟರ್ ಇವೆಲ್ಲ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸಿಗುತ್ತವೆ. ಒಳ್ಳೆಯ ಎಲ್‌ಇಡಿ, ಡ್ರೈವರ್, ಹೋಸ್ಟ್ ಮಾತ್ರ ಹೆಚ್ಚಾಗಿ ಹೊರಗಿನಿಂದ ತರಿಸಬೇಕು. ಕಾಯುವುದೂ ಈ ಹವ್ಯಾಸದ ಒಂದು ಭಾಗವೇ.

ಎರಡು ದಪ್ಪ ಸೆಲ್ಲಿನ ಹಳೆಯ ಬ್ಯಾಟರಿಯ ಗಾಜಿನ ಮುಂದೆ ಅಂಗೈ ಇಟ್ಟು ನೋಡಿದವರಿಗೆ ಗೊತ್ತು, ಸ್ವಲ್ಪ ಹೊತ್ತಿಗೆ ಅಂಗೈ ಬೆಚ್ಚಗಾಗುತ್ತಿತ್ತು. ಬಲ್ಬಿನ ತಂತಿ ಕಾದರೇನೇ ಬೆಳಕು. ಕಾವಿನ ಬಹುಪಾಲು ಕಣ್ಣಿಗೆ ಕಾಣದ ಅವಕೆಂಪು ಕಿರಣವಾಗಿ ಬೆಳಕಿನ ಜೊತೆಗೇ ಮುಂದಕ್ಕೆ ಹೊರಟುಹೋಗುತ್ತಿತ್ತು. ಎಲ್‌ಇಡಿಯ ಸ್ವಭಾವವೇ ಬೇರೆ. ಅದಕ್ಕೆ ಕಾವು ಬೇಡ. ಕಾವೇರಿದಷ್ಟೂ ಬೆಳಕು ಕುಂದುತ್ತದೆ, ಬಾಳಿಕೆ ಕುಗ್ಗುತ್ತದೆ. ಆದರೂ ಜೋರಾಗಿ ಉರಿಸಿದಾಗ ಒಳಹೋದ ವಿದ್ಯುತ್ತಿನ ಅರ್ಧಕ್ಕಿಂತ ಹೆಚ್ಚು ಕಾವಾಗಿಯೇ ಮಾರ್ಪಡುತ್ತದೆ. ಆ ಕಾವು ಬೆಳಕಿನ ಜೊತೆ ಮುಂದೆ ಹೋಗುವುದಿಲ್ಲ. ಕೆಲವೇ ಚದರ ಮಿ.ಮೀ. ಜಾಗದಲ್ಲಿ, ಚಿಪ್‌ನ ಬುಡದಲ್ಲಿ ಹುಟ್ಟಿ ಅಲ್ಲೇ ನಿಲ್ಲುತ್ತದೆ. ಅದಕ್ಕೆ ಹಿಂದಕ್ಕೆ ದಾರಿ ಮಾಡಿಕೊಡಬೇಕಾದದ್ದು ಕಟ್ಟುವವನು. ಟಾರ್ಚು ಕಟ್ಟುವ ಕಲೆ ಎಂದರೆ ಕಾವಿಗೆ ದಾರಿ ತೆರೆಯುವ ಕಲೆ. ಬೆಳಕು ಮುಂದೆ ಚೆನ್ನಾಗಿರಬೇಕಾದರೆ ಹಿಂದೆ ಈ ದಾರಿ ಚೆನ್ನಾಗಿರಬೇಕು.

ಎಲ್‌ಇಡಿಯೇ ಒಂದು ಅಚ್ಚರಿ. ಗ್ಯಾಲಿಯಂ ನೈಟ್ರೈಡಿನ ಚಿಪ್ ಕೊಡುವುದು ಬರೀ ನೀಲಿ ಬೆಳಕು. ಅದರ ಮೇಲೆ ಹಾಸಿದ ಹಳದಿ ಫಾಸ್ಫರ್ ಆ ನೀಲಿಯ ಒಂದು ಪಾಲನ್ನು ನುಂಗಿ ಹಳದಿ, ಹಸಿರು, ಕೆಂಪಾಗಿ ಮರಳಿ ಕೊಡುತ್ತದೆ. ಉಳಿದ ನೀಲಿ ಅದರೊಳಗೆ ಬೆರೆತು ಬಿಳಿ. ಉಜ್ವಲವಾದ ನೀಲಿ ಎಲ್‌ಇಡಿಯನ್ನು ಸಾಧಿಸಿದ ಇಸಾಮು ಅಕಾಸಾಕಿ, ಹಿರೋಶಿ ಅಮಾನೊ, ಶುಜಿ ನಕಾಮುರಾ ಮೂವರಿಗೂ 2014ರಲ್ಲಿ ಭೌತವಿಜ್ಞಾನದ ನೊಬೆಲ್ ಬಂತು. ಆ ನೀಲಿಯನ್ನು ಸಾಧಿಸಿದಾಗ ನಕಾಮುರಾ ಕೆಲಸ ಮಾಡುತ್ತಿದ್ದದ್ದು ಜಪಾನಿನ ನಿಚಿಯಾ ಕಂಪನಿಯಲ್ಲಿ. ಬಿಳಿ ಎಲ್‌ಇಡಿ 1996ರಲ್ಲಿ ಮಾರುಕಟ್ಟೆಗೆ ಬಂದದ್ದು ಅಲ್ಲಿಂದಲೇ. ಟಾರ್ಚು ಕಟ್ಟುವವರು ಇಂದು ಅಕ್ಕರೆಯಿಂದ ಹುಡುಕಿ ತರಿಸುವ 519ಎ ಎಂಬ ಎಲ್‌ಇಡಿಯೂ ಅದೇ ನಿಚಿಯಾದ್ದು. ಹಳದಿ ಬೊಟ್ಟಿನ ಮೇಲೆ ಪಾರದರ್ಶಕ ಸಿಲಿಕೋನ್ ಗುಮ್ಮಟ ಹೊತ್ತ, ಮೂರೂವರೆ ಮಿ.ಮೀ. ಚೌಕದ ತುಣುಕು.

ಅದನ್ನು ಪಿಲ್‌ನ ಮೇಲೆ ಕೂರುವ ತಾಮ್ರದ ಬಿಲ್ಲೆಗೆ ಬೆಸೆಯುವ ಗಳಿಗೆ ಈ ಕೆಲಸದಲ್ಲಿ ನನಗೆ ಅತ್ಯಂತ ಇಷ್ಟವಾದದ್ದು. ಬಿಲ್ಲೆಯ ಮೇಲೆ ಸೋಲ್ಡರ್ ಪೇಸ್ಟನ್ನು ಹದವಾಗಿ ಹಚ್ಚಿ, ಚಿಮುಟದಲ್ಲಿ ಎಲ್‌ಇಡಿಯನ್ನು ಎತ್ತಿ ಅಂದಾಜಿನಲ್ಲಿ ಇಟ್ಟು, ಬಿಲ್ಲೆಯನ್ನು ಹಾಟ್‌ಪ್ಲೇಟಿನ ಮೇಲೆ ಬಿಸಿಯಾಗಲು ಬಿಡಬೇಕು. ತವರ 63, ಸೀಸ 37 ಪಾಲಿನ ಸೋಲ್ಡರ್ ಕರಗುವುದು 183 ಡಿಗ್ರಿ ಸೆಲ್ಸಿಯಸ್‌ನಲ್ಲಿ. ತವರ, ಬಿಸ್ಮತ್ ಬೆರೆತದ್ದು 138ಕ್ಕೇ ಕರಗುತ್ತದೆ. ಮೊದಲು ಫ್ಲಕ್ಸ್ ಕರಗಿ ಸಣ್ಣಗೆ ಹೊಗೆಯಾಡುತ್ತದೆ. ಮಂಕು ಬೂದು ಪೇಸ್ಟು ಒಮ್ಮೆಲೇ ಬೆಳ್ಳಗೆ ಹೊಳೆಯುತ್ತದೆ. ಆ ಕ್ಷಣದಲ್ಲಿ ಓರೆಯಾಗಿ ಕೂತಿದ್ದ ಎಲ್‌ಇಡಿ ತಾನಾಗಿ ಮಿಸುಕಿ, ತಿರುಗಿ, ನಟ್ಟನಡುವೆ ನೇರವಾಗಿ ನಿಲ್ಲುತ್ತದೆ. ಕರಗಿದ ಲೋಹದ ಮೇಲ್ಮೈ ಎಳೆತ ಅದನ್ನು ತನ್ನ ಜಾಗಕ್ಕೆ ಎಳೆದುಕೊಂಡಿರುತ್ತದೆ. ಚಿಮುಟದ ತುದಿಯಿಂದ ಮೆಲ್ಲಗೆ ತಳ್ಳಿ ನೋಡಿ, ಸರಿಯುತ್ತದೆ. ಬಿಟ್ಟ ಕೂಡಲೇ ಮರಳಿ ಬರುತ್ತದೆ. ಹಾಗೆ ಮರಳಿ ಬಂದರೆ ಅಡಿಯಲ್ಲಿ ಸೋಲ್ಡರ್ ಚೆನ್ನಾಗಿ ಹಿಡಿದಿದೆ ಎಂದು ಧೈರ್ಯ ತಾಳಬಹುದು. ಎಷ್ಟು ಸಲ ನೋಡಿದರೂ ಈ ಚಲನೆ ನನಗೆ ಹಳತಾಗಿಲ್ಲ.

ಬಿಲ್ಲೆಯಲ್ಲೂ ಎರಡು ಜಾತಿ. ಅಗ್ಗದ ಅಲ್ಯೂಮಿನಿಯಂ ಬಿಲ್ಲೆಯಲ್ಲಿ ಎಲ್‌ಇಡಿಗೂ ಲೋಹಕ್ಕೂ ನಡುವೆ ವಿದ್ಯುತ್ತು ಹಾಯದಂತೆ ತೆಳುವಾದ ಪದರವೊಂದಿರುತ್ತದೆ. ಅದು ವಿದ್ಯುತ್ತಿನ ಜೊತೆಗೆ ಕಾವನ್ನೂ ತಡೆಯುತ್ತದೆ. ಒಳ್ಳೆಯ ತಾಮ್ರದ ಬಿಲ್ಲೆಯಲ್ಲಿ ಕಾವು ಇಳಿಯುವ ನಡುವಿನ ಪಟ್ಟಿಯ ಅಡಿಯಲ್ಲಿ ಆ ಪದರವೇ ಇರುವುದಿಲ್ಲ. ಎಲ್‌ಇಡಿಯ ಬುಡ ಸೋಲ್ಡರಿನ ಮೂಲಕ ಸೀದಾ ತಾಮ್ರಕ್ಕೆ ಅಂಟುತ್ತದೆ. ಹೆಚ್ಚು ವಿದ್ಯುತ್ತು ಹರಿಸುವ ಟಾರ್ಚುಗಳಲ್ಲಿ ಈ ಒಂದು ಬದಲಾವಣೆಯಿಂದ ಬೆಳಕು ಹೆಚ್ಚುವುದನ್ನು ಮೀಟರಿನಲ್ಲಿ ನೋಡಬಹುದು. ಕಾವು ಹರಿಸುವ ಶಕ್ತಿಯನ್ನು ಒಂದೇ ಮಾನದಲ್ಲಿ ಅಳೆದರೆ ತಾಮ್ರಕ್ಕೆ ಸುಮಾರು 400, ಮೈಗೆ ಬಳಸುವ 6061 ಅಲ್ಯೂಮಿನಿಯಂಗೆ 167ರ ಆಸುಪಾಸು, ಹಿತ್ತಾಳೆಗೆ ಅದಕ್ಕಿಂತ ಕಡಿಮೆ. ಬಿಲ್ಲೆಗೂ ಪಿಲ್‌ಗೂ ನಡುವೆ ಹಚ್ಚುವ ಥರ್ಮಲ್ ಪೇಸ್ಟಿನ ಅಂಕಿ ಹತ್ತನ್ನು ಮುಟ್ಟುವುದೂ ಕಷ್ಟ. ನಿಂತ ಗಾಳಿಯದಂತೂ 0.03ಕ್ಕೂ ಕಡಿಮೆ. ಪೇಸ್ಟಿನ ಕೆಲಸ ಎರಡು ಲೋಹಗಳ ನಡುವಿನ ಗಾಳಿಯನ್ನು ಹೊರಹಾಕುವುದಷ್ಟೇ ಎಂದು ಈ ಅಂಕಿಗಳನ್ನು ನೋಡಿದರೆ ಹೊಳೆಯುತ್ತದೆ. ಧಾರಾಳವಾಗಿ ಮೆತ್ತಿದರೆ ಅದೇ ಅಡ್ಡಗೋಡೆಯಾಗುತ್ತದೆ. ಪಿಲ್‌ನ ಮೇಲ್ಮೈಯನ್ನು ನುಣ್ಣನೆ ಉಜ್ಜಿ, ಪೇಸ್ಟನ್ನು ಒಂದು ಚುಕ್ಕೆ ಇಟ್ಟು, ಬಿಲ್ಲೆಯನ್ನು ಒತ್ತಿ ತುಸು ತಿರುವಿ ಕೂರಿಸುವುದು ಸಣ್ಣ ಕೆಲಸವೇ, ಆದರೆ ಇಡೀ ಟಾರ್ಚಿನ ನಡತೆ ಅದರ ಮೇಲಿದೆ.

ಡ್ರೈವರಿನ ವಿಷಯ ಚುಟುಕಾಗಿ ಹೇಳುತ್ತೇನೆ. ಎಎಂಸಿ7135 ಎಂಬ ಪುಟ್ಟ ಚಿಪ್ ಒಂದೊಂದೂ 350 ಮಿಲಿಆಂಪಿಯರ್ ಹರಿಯಬಿಡುತ್ತದೆ. ಎಂಟನ್ನು ಸಮಾಂತರವಾಗಿ ಹೂಡಿದರೆ 2.8 ಆಂಪಿಯರ್. ಸರಳ, ಅಗ್ಗ, ನಂಬಿಗಸ್ತ. ಅದರದೊಂದು ದೌರ್ಬಲ್ಯವೆಂದರೆ ಸೆಲ್ಲಿನಲ್ಲಿ ಹೆಚ್ಚಾಗಿರುವ ವೋಲ್ಟನ್ನು ಅದು ಕಾವಾಗಿಸಿಯೇ ಕಳೆಯುತ್ತದೆ. ಇನ್ನೊಂದು ಬಗೆಯಲ್ಲಿ ಎಫ್‌ಇಟಿ ಎಂಬ ಸ್ವಿಚ್ಚಿನ ಮೂಲಕ ಸೆಲ್ಲನ್ನು ಎಲ್‌ಇಡಿಗೆ ಹೆಚ್ಚುಕಡಿಮೆ ನೇರವಾಗಿಯೇ ಜೋಡಿಸಿಬಿಡುತ್ತಾರೆ. ಮೂರು ಎಲ್‌ಇಡಿ ಇಟ್ಟರೆ ಹತ್ತು ಆಂಪಿಯರ್ ಮೀರಿ ಹರಿಯುತ್ತದೆ. ಆಗ ಸೆಲ್ಲನ್ನು ಒತ್ತಿಹಿಡಿಯುವ ಸ್ಪ್ರಿಂಗ್ ಕೂಡ ವಿದ್ಯುತ್ತಿಗೆ ಇಕ್ಕಟ್ಟಿನ ದಾರಿಯಾಗುವುದರಿಂದ ಅದರ ಎರಡು ತುದಿಗಳ ನಡುವೆ ಸಿಲಿಕೋನ್ ವೈರೊಂದನ್ನು ಬೆಸೆಯುವುದು ವಾಡಿಕೆ. ಎಲ್ಲದರ ಮೇಲೆ ಪುಟ್ಟ ಮೈಕ್ರೋಕಂಟ್ರೋಲರ್ ಕೂತು ಬೆಳಕಿನ ಹಂತಗಳನ್ನು ನೋಡಿಕೊಳ್ಳುತ್ತದೆ. ಆಂಡುರಿಲ್ ಎಂಬ ಮುಕ್ತ ತಂತ್ರಾಂಶದಲ್ಲಂತೂ ಗುಂಡಿಯನ್ನು ಒತ್ತಿ ಹಿಡಿದರೆ ಬೆಳಕು ಮೆಟ್ಟಿಲಿಲ್ಲದೆ ಏರುತ್ತ ಹೋಗುತ್ತದೆ. ಅತಿ ಕೆಳಗಿನ ಹಂತದಲ್ಲಿ ನಡುರಾತ್ರಿ ಕತ್ತಲೆಗೆ ಒಗ್ಗಿದ ಕಣ್ಣಿಗೂ ಚುಚ್ಚುವುದಿಲ್ಲ. ಬೆಳಕು ಎಷ್ಟು ಮೇಲೆ ಹೋಗುತ್ತದೆ ಎನ್ನುವಷ್ಟೇ, ಎಷ್ಟು ಕೆಳಗೆ ಇಳಿಯಬಲ್ಲದು ಎನ್ನುವುದೂ ಒಳ್ಳೆಯ ಟಾರ್ಚಿನ ಲಕ್ಷಣವೆಂದು ನನ್ನ ಎಣಿಕೆ.

ಇನ್ನು ಲೆಕ್ಕ. 519ಎ ಎಲ್‌ಇಡಿಗೆ 2.8 ಆಂಪಿಯರ್ ಕೊಟ್ಟರೆ ಸುಮಾರು 9 ವ್ಯಾಟ್ ಒಳಗೆ ಹೋಗುತ್ತದೆ. ಅದರಲ್ಲಿ ಬೆಳಕಾಗಿ ಹೊರಬರುವುದು ಮೂರು ವ್ಯಾಟಿನಷ್ಟು. ಆರು ವ್ಯಾಟ್ ಕಾವು. ತುಂಬಿದ ಸೆಲ್ಲಿನಲ್ಲಿ ಡ್ರೈವರ್ ಇನ್ನೊಂದೆರಡು ವ್ಯಾಟ್ ಸೇರಿಸುತ್ತದೆ. ಒಟ್ಟು ಎಂಟು. ಅಲ್ಯೂಮಿನಿಯಂ ಮೈ, ಸೆಲ್ ಎರಡೂ ಸೇರಿ ಸುಮಾರು 120 ಗ್ರಾಂ ತೂಗುತ್ತವೆ. ಅವನ್ನು ಒಂದು ಡಿಗ್ರಿ ಬಿಸಿ ಮಾಡಲು 110 ಜೂಲಿನಷ್ಟು ಸಾಕು. ಅಂದರೆ ನಿಮಿಷಕ್ಕೆ ನಾಲ್ಕು ಡಿಗ್ರಿಗೂ ಹೆಚ್ಚು ಏರಿಕೆ. 27 ಡಿಗ್ರಿಯ ರಾತ್ರಿಯಲ್ಲಿ ಹೊತ್ತಿಸಿದ ಟಾರ್ಚು ಐದಾರು ನಿಮಿಷಕ್ಕೆ ಐವತ್ತರ ಹತ್ತಿರ. ಬರಿ ಲೋಹವನ್ನು ಬರಿಗೈಯಲ್ಲಿ ಹಿಡಿದಿರಲು ಕಷ್ಟವಾಗತೊಡಗುವುದು ಅಲ್ಲಿಯೇ.

ಹೊರಗೆ ಎಷ್ಟು ಹೋಗುತ್ತದೆ ನೋಡಿ. ಇಂಥ ಟಾರ್ಚಿನ ಮೇಲ್ಮೈ ಸುಮಾರು 100 ಚದರ ಸೆಂ.ಮೀ. ನಿಂತ ಗಾಳಿಯಲ್ಲಿ ಸುತ್ತಲಿಗಿಂತ 25 ಡಿಗ್ರಿ ಹೆಚ್ಚು ಬಿಸಿಯಾದಾಗಲೂ ಅದು ಬಿಟ್ಟುಕೊಡುವುದು ಎರಡೂವರೆ ವ್ಯಾಟ್ ಆಸುಪಾಸು, ಅಷ್ಟೇ. ಮೈ ಎನ್ನುವುದು ಕಾವಿನ ಹಂಡೆ. ತುಂಬುವ ನಲ್ಲಿ ದೊಡ್ಡದು, ಹರಿದುಹೋಗುವ ತೂತು ಸಣ್ಣದು. ಕಿಸೆಯಲ್ಲಿ ಹಿಡಿಸುವ ಟಾರ್ಚುಗಳು ಏನೇ ಹೆಸರು ಹೊತ್ತಿರಲಿ, ಬಹುತೇಕ ಒಟ್ಟು ಬೆಳಕಿನ ಅಳತೆಯಲ್ಲಿ 300ರಿಂದ 400 ಲ್ಯೂಮೆನ್ನಿನ ಸುತ್ತ ಬಂದು ನೆಲೆಯಾಗುವುದಕ್ಕೆ ಕಾರಣ ಇದು. ಒಂದು ಆಂಪಿಯರಿನಲ್ಲಿ ಎಲ್‌ಇಡಿ ಹೆಚ್ಚು ದಕ್ಷವೂ ಹೌದು. ಬರುವ ಕಾವು ಎರಡು ವ್ಯಾಟಿನಷ್ಟು, ಹೋಗುವುದೂ ಅಷ್ಟೇ. ಆ ಸಮತೋಲದಲ್ಲಿ ಟಾರ್ಚು ಸೆಲ್ ಮುಗಿಯುವವರೆಗೂ ಹಾಯಾಗಿ ಉರಿಯುತ್ತದೆ. ಮೂರು ಎಲ್‌ಇಡಿಯ ಎಫ್‌ಇಟಿ ಟಾರ್ಚಿನಲ್ಲಿ ಇದೇ ಮೈಗೆ ಮೂವತ್ತು ವ್ಯಾಟ್ ಕಾವು ಸುರಿಯುತ್ತದೆ. ಒಂದೂವರೆ ನಿಮಿಷದೊಳಗೆ ಕೈಗೆ ಚುರುಕ್ಕೆನ್ನುತ್ತದೆ. ತಲೆಯ ಭಾಗವಂತೂ ಇನ್ನೂ ಬೇಗ. ಮೊದಲ ಅರ್ಧ ನಿಮಿಷ ಇಡೀ ತೋಟ ಹಗಲಾಗುವುದನ್ನು ನೋಡುವ ಸಂತೋಷವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಕಟ್ಟಿದವನ ಕೌಶಲ ಕಾಣುವುದು ಅದು ಮುಗಿದ ಮೇಲೆ.

ಅಳೆಯದೆ ಇದಾವುದೂ ಗೊತ್ತಾಗುವುದಿಲ್ಲ. ಕಣ್ಣು ಬಹಳ ಉದಾರಿ. ಬೆಳಕು ನಿಧಾನವಾಗಿ ಕಾಲು ಪಾಲು ಇಳಿದರೂ ಹೊಂದಿಕೊಂಡುಬಿಡುತ್ತದೆ. ಅದಕ್ಕಾಗಿಯೇ ಜರ್ಮನಿಯ ರಿಚರ್ಡ್ ಉಲ್‌ಬ್ರಿಕ್ಟ್ ಹೆಸರಿನ ಗೋಳ. ಟೊಳ್ಳು ಗೋಳದ ಒಳಮೈಗೆ ಬೇರಿಯಂ ಸಲ್ಫೇಟಿನಂಥ ಅಪ್ಪಟ ಬಿಳಿ ಬಣ್ಣ ಬಳಿದು, ಒಂದು ಕಿಂಡಿಯಿಂದ ಬೆಳಕು ಬಿಟ್ಟರೆ, ಅದು ಒಳಗೆ ಸಾವಿರ ಕಡೆ ಚೆದುರಿ ಎಲ್ಲೆಡೆ ಸಮನಾಗಿ ಹರಡುತ್ತದೆ. ಇನ್ನೊಂದು ಕಿಂಡಿಯ ಮೀಟರು ಒಟ್ಟು ಬೆಳಕನ್ನು ಓದುತ್ತದೆ. ಕೋಲಿನಂಥ ಬೆಳಕಾದರೂ ಹರಡಿದ ಬೆಳಕಾದರೂ ಲೆಕ್ಕ ತಪ್ಪುವುದಿಲ್ಲ. ಹವ್ಯಾಸಿಗಳು ಇದನ್ನು ದೊಡ್ಡ ಥರ್ಮೋಕೋಲ್ ಚೆಂಡಿನಲ್ಲೋ, ಬಿಳಿ ಪಿವಿಸಿ ಪೈಪಿನಲ್ಲೋ ಮಾಡಿಕೊಳ್ಳುತ್ತಾರೆ. ನಂಬಬಹುದಾದ ಅಳತೆಯಿರುವ ಟಾರ್ಚೊಂದನ್ನು ಮೊದಲು ಹಾಕಿ, ಬಂದ ಅಂಕಿಗೆ ಅದರ ಲ್ಯೂಮೆನ್ನನ್ನು ಹೊಂದಿಸಿ, ಗುಣಕವನ್ನು ಬರೆದಿಟ್ಟುಕೊಂಡರೆ ಆಯಿತು. ಪ್ರಯೋಗಾಲಯದ ನಿಖರತೆ ಬರುವುದಿಲ್ಲ. ಆದರೆ ಒಂದೇ ಟಾರ್ಚಿನ ಮೊದಲ ನಿಮಿಷವನ್ನೂ ಹತ್ತನೆಯ ನಿಮಿಷವನ್ನೂ ಹೋಲಿಸಲು ಇದು ಧಾರಾಳ ಸಾಕು.

ದೂರದ ಅಳತೆ ಇನ್ನೂ ಸುಲಭ. ಐದು ಮೀಟರ್ ದೂರದ ಗೋಡೆಯ ಮೇಲೆ ಲಕ್ಸ್ ಮೀಟರ್ ಇಟ್ಟು, ಬಂದ ಅಂಕಿಯನ್ನು 25ರಿಂದ ಗುಣಿಸಿದರೆ ಬೆಳಕಿನ ತೀವ್ರತೆಯ ಅಳತೆಯಾದ ಕ್ಯಾಂಡೆಲಾ. ಅಮೆರಿಕದಲ್ಲಿ 2009ರಲ್ಲಿ ಬಂದ ಎಫ್‌ಎಲ್1 ಮಾನದಂಡದ ಪ್ರಕಾರ ಬೆಳಕು 0.25 ಲಕ್ಸಿಗೆ ಇಳಿಯುವ ದೂರವೇ ಟಾರ್ಚಿನ ದೂರ. ಅದು ಬಯಲಿನಲ್ಲಿ ಹುಣ್ಣಿಮೆಯ ಬೆಳದಿಂಗಳಷ್ಟು. 10,000 ಕ್ಯಾಂಡೆಲಾಗೆ 200 ಮೀಟರ್; ದೂರ ಇಮ್ಮಡಿಯಾಗಬೇಕಾದರೆ ಕ್ಯಾಂಡೆಲಾ ನಾಲ್ಕು ಪಟ್ಟಾಗಬೇಕು. ಇನ್ನೂರು ಮೀಟರಿನ ಆಚೆ ಬಿದ್ದ ಬೆಳದಿಂಗಳನ್ನು ಇಲ್ಲಿಂದ ನಿಂತು ನೋಡಿ ಏನನ್ನೂ ಗುರುತಿಸಲಾಗದು. ಅರ್ಧ ದೂರವೇ ನಿಜವಾದ ಉಪಯೋಗದ ದೂರ ಎಂದಿಟ್ಟುಕೊಳ್ಳುವುದು ಕ್ಷೇಮ. ಅದೇ ಮಾನದಂಡ ಲ್ಯೂಮೆನ್ನನ್ನು ಹೊತ್ತಿಸಿದ 30 ಸೆಕೆಂಡಿನಿಂದ ಎರಡು ನಿಮಿಷದೊಳಗೆ ಅಳೆಯಲು ಹೇಳುತ್ತದೆ. ಪೆಟ್ಟಿಗೆಯ ಮೇಲಿನ ದೊಡ್ಡ ಅಂಕಿ ಸುಳ್ಳಲ್ಲ, ಆದರೆ ಅದು ಆ ಹೊತ್ತಿನ ಅಂಕಿ.

ಕಾವಿನ ಅಳತೆಯಲ್ಲಿ ಜಾಗ್ರತೆ ಬೇಕು. ಅವಕೆಂಪು ಗನ್ ಹೊಳೆಯುವ ತಾಮ್ರವನ್ನು ನೋಡಿ ನಿಜಕ್ಕಿಂತ ಬಹಳ ಕಡಿಮೆ ಹೇಳುತ್ತದೆ, ಏಕೆಂದರೆ ಹೊಳೆಯುವ ಲೋಹ ಕಿರಣ ಬಿಡುವುದೇ ಕಡಿಮೆ. ಒಂದು ತುಂಡು ಕಪ್ಪು ಟೇಪ್ ಅಂಟಿಸಿ ಅದರ ಮೇಲೆ ಓದಬೇಕು. ಇಲ್ಲವೇ ತಂತಿಯ ಥರ್ಮೋಕಪಲನ್ನು ತಲೆಗೆ ಕಟ್ಟಬೇಕು. ಪರೀಕ್ಷೆಯನ್ನು ಮೇಜಿನ ಮೇಲೆ ನಿಂತ ಗಾಳಿಯಲ್ಲಿ, ಫ್ಯಾನಿನ ಕೆಳಗೆ, ಕೈಯಲ್ಲಿ ಹಿಡಿದು ಹೀಗೆ ಮೂರು ಬಗೆಯಲ್ಲೂ ಮಾಡಿದರೆ ಗ್ರಾಫಿನಲ್ಲಿ ಮೂರು ಬೇರೆ ಗೆರೆಗಳು ಬರುತ್ತವೆ. ಅಂಗೈಯ ರಕ್ತ ಕಾವನ್ನು ಹೊತ್ತೊಯ್ಯುವುದರಿಂದ ಕೈಯಲ್ಲಿರುವ ಟಾರ್ಚು ಮೇಜಿನ ಮೇಲಿರುವುದಕ್ಕಿಂತ ತಂಪಾಗಿಯೇ ಇರುತ್ತದೆ. ನಡೆಯುವವನ ಕೈಯಲ್ಲಿ ಗಾಳಿಯೂ ಸೇರುತ್ತದೆ. ಜೊತೆಗೇ ಬರೆದ ಬೆಳಕಿನ ಗೆರೆಗಳನ್ನು ಓದುವುದರಲ್ಲಿ ಒಂದು ರಸವಿದೆ. ಮೊದಲ ಹತ್ತಾರು ಸೆಕೆಂಡಿನ ಇಳಿತ ಚಿಪ್‌ನದ್ದು. ಆಮೇಲಿನ ಓರೆ ಮೈ ಕಾದದ್ದು. ಥಟ್ಟನೆ ಬರುವ ಮೆಟ್ಟಿಲು ಡ್ರೈವರ್ ಕಾವಿಗೆ ಹೆದರಿ ಕೆಳಗಿಳಿದದ್ದು. ಕೊನೆಗೆ ಉದ್ದಕ್ಕೆ ಮಲಗಿದ ನೇರ ಗೆರೆ. ತಲೆ ಬೇಗ ಬಿಸಿಯಾದರೆ ಜನ ಬೇಸರಪಡುತ್ತಾರೆ. ನಿಜವಾಗಿ ಅದು ಶುಭ ಸೂಚನೆ: ಕಾವು ಹೊರಗೆ ಬರುತ್ತಿದೆ. ಎಲ್‌ಇಡಿ ಜೋರಾಗಿ ಉರಿಯುತ್ತಿದ್ದೂ ಮೈ ತಣ್ಣಗೇ ಇದ್ದರೆ ಆತಂಕಪಡಬೇಕು.

ಲೋಹದ ಆಯ್ಕೆಯಲ್ಲೂ ಕಣ್ಣಿಗೂ ಕಾವಿಗೂ ಜಗಳ. ಟೈಟೇನಿಯಂ ಮೈ ನೋಡಲು ಬಲು ಚೆಲುವು, ಬೆಂಕಿಯಲ್ಲಿ ಕಾಯಿಸಿದರೆ ನೀಲಿ, ನೇರಳೆ, ಹೊಂಬಣ್ಣ ತಾಳುತ್ತದೆ. ಆದರೆ ಟಾರ್ಚಿಗೆ ಬಳಸುವ ಅದರ ಮಿಶ್ರಲೋಹದ ಕಾವು ಹರಿಸುವ ಅಂಕಿ ಏಳರ ಸುತ್ತ, ತಾಮ್ರದ ಐವತ್ತನೆಯ ಒಂದು ಪಾಲು ಕೂಡ ಇಲ್ಲ. ತಾಮ್ರದ ಮೈ ಕೈಯಲ್ಲಿ ಭಾರವಾಗಿ ತೂಗುತ್ತದೆ, ಬಳಸಿದಂತೆ ಕಂದುತ್ತದೆ, ಕಾವನ್ನು ಅಕ್ಕರೆಯಿಂದ ಬರಮಾಡಿಕೊಳ್ಳುತ್ತದೆ. ನನ್ನ ಓಟು ಮಾತ್ರ ಕಪ್ಪು ಆನೊಡೈಸ್ ಮಾಡಿದ ಸಾದಾ ಅಲ್ಯೂಮಿನಿಯಂಗೆ. ಆನೊಡೈಸಿನ ಪದರ ಹೊಳೆಯುವ ಲೋಹಕ್ಕಿಂತ ಎಷ್ಟೋ ಪಟ್ಟು ಚೆನ್ನಾಗಿ ಕಾವನ್ನು ಕಿರಣವಾಗಿ ಬಿಡುತ್ತದೆ.

ಇಷ್ಟೆಲ್ಲ ಕಾವಿನ ಮಾತಾದ ಮೇಲೆ ಬೆಳಕಿನ ಬಣ್ಣಕ್ಕೆ ಬರದಿದ್ದರೆ ಅನ್ಯಾಯ. ಅಗ್ಗದ ಎಲ್‌ಇಡಿಯ ಬೆಳಕಿನಲ್ಲಿ ಅಂಗೈ ನೋಡಿಕೊಳ್ಳಿ, ರಕ್ತವಿಲ್ಲದ ಕೈಯಂತೆ ಕಾಣುತ್ತದೆ. ಆ ಬೆಳಕಿನಲ್ಲಿ ನೀಲಿ ಹೆಚ್ಚು, ಕಡುಗೆಂಪು ಇಲ್ಲವೆನ್ನುವಷ್ಟು ಕಡಿಮೆ. ಬಣ್ಣ ತೋರಿಸುವ ಗುಣಕ್ಕೆ ಸಿಆರ್‌ಐ ಎಂಬ ಅಂಕವಿದೆ. ಅದನ್ನು ಎಂಟು ತೆಳುಬಣ್ಣಗಳಿಂದ ಲೆಕ್ಕ ಹಾಕುತ್ತಾರೆ. ಕಡುಗೆಂಪಿಗೆ ಆರ್9 ಎಂಬ ಬೇರೆ ಅಂಕ. 90 ಮೀರಿದ ಸಿಆರ್‌ಐ, ಒಳ್ಳೆಯ ಆರ್9, 4500 ಕೆಲ್ವಿನ್ ಆಸುಪಾಸಿನ ಬಣ್ಣ, ಹಸಿರಿನ ಕಡೆ ವಾಲದೆ ಕೂದಲೆಳೆಯಷ್ಟು ಗುಲಾಬಿಯ ಕಡೆಗಿರುವ ಬಿಳುಪು: ಇವು ಕೂಡಿದ ಬೆಳಕನ್ನು ಒಮ್ಮೆ ಕಂಡವರು ಹಿಂದಕ್ಕೆ ಹೋಗುವುದಿಲ್ಲ. ಮಲೆನಾಡಿನ ಅಂಗಳದಲ್ಲಿ ಹರವಿದ ಕೆಂಪಡಿಕೆಯ ಮೇಲೆ ಚೊಗರಿನ ಕೆಂಪು ಬೇರೆ, ನೆರಳಿನ ಕಂದು ಬೇರೆ ಎಂದು ರಾತ್ರಿಯಲ್ಲೂ ಬಿಡಿಸಿ ತೋರಿಸುತ್ತದೆ. ತೋಟದ ದಾರಿಯಲ್ಲಿ ಒದ್ದೆ ತರಗೆಲೆಯ ಕಂದನ್ನೂ ಕೊಳಕುಮಂಡಲದ ಮೈಯ ಕಂದನ್ನೂ ಬೇರ್ಪಡಿಸಿ ಕಾಣುವುದು ಬರೀ ಸೌಂದರ್ಯದ ಪ್ರಶ್ನೆಯಲ್ಲ. ಇದಕ್ಕೆ ತೆರಬೇಕಾದ ಬೆಲೆಯೂ ಇದೆ: ಅದೇ ವಿದ್ಯುತ್ತಿಗೆ ಲ್ಯೂಮೆನ್ ಕಡಿಮೆ. ನಾನು ಸಂತೋಷದಿಂದ ತೆರುತ್ತೇನೆ.

ಆಗುಂಬೆಯ ಮಳೆಗಾಲದಲ್ಲಿ, ಮಂಜು ಇಳಿದ ಹೊತ್ತಿನಲ್ಲಿ, ಸಾವಿರಾರು ಲ್ಯೂಮೆನ್ ಹೊತ್ತಿಸಿದರೆ ಎದುರಿಗೆ ಬಿಳಿ ಗೋಡೆಯೇ ಎದ್ದು ನಿಲ್ಲುತ್ತದೆ. ಹನಿಗಳು ಬೆಳಕನ್ನು ಕಣ್ಣಿಗೇ ಹಿಂತಿರುಗಿಸುತ್ತವೆ. ಅಲ್ಲಿ ಬೇಕಾದದ್ದು ಸೊಂಟದ ಮಟ್ಟದಲ್ಲಿ ಹಿಡಿದ, ನುಣುಪಲ್ಲದ ರಿಫ್ಲೆಕ್ಟರಿನಿಂದ ಅಂಚು ಕರಗಿ ಹರಡುವ ಇನ್ನೂರು ಲ್ಯೂಮೆನ್. ಅಂಥ ಬೆಳಕಿನಲ್ಲಿ ಮೈ ಬೆಚ್ಚಗಷ್ಟೇ ಇರುತ್ತದೆ, ಚಳಿಗೆ ಹಿತವೂ ಹೌದು.

ಕಟ್ಟಬೇಕೆನಿಸಿದವರಿಗೆ ಎರಡು ಮಾತು. ಲಿಥಿಯಂ ಸೆಲ್ಲಿನ ವಿಷಯದಲ್ಲಿ ಉಳಿತಾಯ ಬೇಡ. ಹೊರಗಿನ ಪ್ಲಾಸ್ಟಿಕ್ ಹೊದಿಕೆ ಹರಿದ ಸೆಲ್, ಹಳೆಯ ಲ್ಯಾಪ್‌ಟಾಪಿನಿಂದ ಬಿಚ್ಚಿದ ಸೆಲ್, 9,900 ಎಂಎಎಚ್ ಎಂದು ಬರೆದುಕೊಂಡ 18650 ಸೆಲ್, ಈ ಮೂರನ್ನೂ ದೂರವಿಡಿ. 4.2 ವೋಲ್ಟಿಗೆ ನಿಲ್ಲುವ ಒಳ್ಳೆಯ ಚಾರ್ಜರ್ ಕೊಳ್ಳಿ. ಮೊದಲ ಟಾರ್ಚಿಗೆ ಎಸ್2+ನಂಥ ಸಾದಾ ಹೋಸ್ಟ್, ತಾಮ್ರದ ಬಿಲ್ಲೆ, ಒಂದೇ ಒಳ್ಳೆಯ ಎಲ್‌ಇಡಿ, ನಾಲ್ಕೋ ಎಂಟೋ 7135ರ ಡ್ರೈವರ್ ಸಾಕು. ಎಫ್‌ಇಟಿಯನ್ನು ಆಮೇಲೆ ನೋಡೋಣ. ಕಟ್ಟಿ ಮುಗಿದ ಮೇಲೆ ಅದರ ಬೆಳಕಿನ ಅಂಕಿಯನ್ನು ಯಾರಿಗಾದರೂ ಹೇಳುವುದಿದ್ದರೆ, ಹೊತ್ತಿಸಿದ ಕ್ಷಣದ್ದನ್ನಲ್ಲ, ಹತ್ತನೆಯ ನಿಮಿಷದ್ದನ್ನು ಹೇಳಿ.